ನಿಮಗಿದು ಗೊತ್ತೇ? ಮಾಗಡಿ ರಸ್ತೆಯಲ್ಲಿ ಬಿಹಾರದ ಗುಹೆ, ಥೇಮ್ಸ್ ದಡದಲ್ಲಿ ಬಸವಣ್ಣ

ಬೇಸಿಗೆ ರಜೆ ಮುಗಿದರೆ ಸಾಕು, ರಾಜಾಜಿನಗರ, ವಿಜಯನಗರದ ಮನೆಗಳಲ್ಲಿ ಫಾರಿನ್ ಟೂರಿನ ಫೋಟೊಗಳದ್ದೇ ಸುಗ್ಗಿ. ಐಫೆಲ್ ಗೋಪುರದ ಮುಂದೆ ಭಾವ, ಪೀಸಾ ಗೋಪುರವನ್ನು ಎರಡೂ ಕೈಯಿಂದ ತಡೆದು ನಿಲ್ಲಿಸಿದ ಅತ್ತಿಗೆ, ಹಿಮದ ನಡುವೆ ಮಂಕಿ ಕ್ಯಾಪ್ ಹಾಕಿಕೊಂಡು ನಗುವ ಅಜ್ಜ. ಫೋಟೊಗಳ ಜೊತೆ ಮಾತುಗಳೂ ಬರುತ್ತವೆ. ಜರ್ಮನ್ನರು ಗಡಿಯಾರ ನೋಡಿಕೊಂಡೇ ಉಸಿರಾಡುತ್ತಾರಂತೆ. ಇಟಲಿಯವರ ಕೈ ಕಟ್ಟಿಹಾಕಿದರೆ ಬಾಯಿಯೂ ಕಟ್ಟುತ್ತದಂತೆ. ಜಪಾನಿನವರು ಫೋನಿನಲ್ಲಿ ಮಾತಾಡುವಾಗಲೂ ಬಗ್ಗಿ ನಮಸ್ಕರಿಸುತ್ತಾರಂತೆ. ನಗು ತರುವ ಮಾತುಗಳು, ನನಗೂ ಇಷ್ಟ. ಇವುಗಳ ಹಿಂದಿರುವ ಸಂಗತಿಗಳು ಇನ್ನೂ ಇಷ್ಟ. ಅವುಗಳಲ್ಲಿ ಎಷ್ಟೋ ನಮ್ಮ ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಆಸುಪಾಸಿನಲ್ಲೇ ಸಿಗುತ್ತವೆ.

ಇಂಗ್ಲಿಷ್ ಸಿನಿಮಾ ನೋಡುವ ಜಗತ್ತು ‘ನಿಗೂಢ ಭಾರತ’ ಎಂದು ಕಣ್ಣರಳಿಸಿ ನೋಡಿದ ಬಂಡೆ ನಮ್ಮ ಸಾವನದುರ್ಗದ್ದು ಎಂಬುದು ಗೊತ್ತೇ? ಇ.ಎಂ. ಫಾರ್‌ಸ್ಟರ್ 1924ರಲ್ಲಿ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯಲ್ಲಿ ಮರಬಾರ್ ಎಂಬ ಗುಹೆಗಳು ಬರುತ್ತವೆ. ಅವಕ್ಕೆ ಪ್ರೇರಣೆ ಬಿಹಾರದ ಗಯಾ ಬಳಿಯ ಬರಾಬರ್ ಗುಹೆಗಳು, ಅಶೋಕನ ಕಾಲದವು. ಅದನ್ನು ಸಿನಿಮಾ ಮಾಡಲು ಹೊರಟ ಡೇವಿಡ್ ಲೀನ್‌ಗೆ ಬಿಹಾರದ ಆ ಬೆಟ್ಟ ತೆರೆಗೆ ಸಪ್ಪೆ ಎನಿಸಿತು. ಅವರು ಬಂದದ್ದು ಇಲ್ಲಿಗೆ. ಬೆಂಗಳೂರು ಅರಮನೆಯ ಅಂಗಳದಲ್ಲಿ ಚಂದ್ರಾಪುರದ ಪೇಟೆ ಎದ್ದಿತು. ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ ಮರಬಾರ್ ಆದವು. ಗುಹೆಯ ಬಾಯಿಗಳನ್ನು ಚಿತ್ರಕ್ಕೆಂದೇ ಮಾಡಿದರು. 1984ರಲ್ಲಿ ತೆರೆಕಂಡ ಚಿತ್ರಕ್ಕೆ 11 ಆಸ್ಕರ್ ನಾಮನಿರ್ದೇಶನ ಸಿಕ್ಕಿ ಎರಡು ಪ್ರಶಸ್ತಿ ಬಂದವು. ಹೊರದೇಶದ ಲಕ್ಷಾಂತರ ಪ್ರೇಕ್ಷಕರು ಗಂಗೆಯ ಬಯಲಿನ ಬೆಟ್ಟ ಎಂದು ಮನಸ್ಸಿನಲ್ಲಿಟ್ಟುಕೊಂಡದ್ದು ಮಾಗಡಿ ತಾಲ್ಲೂಕಿನ ಕರಿಬಂಡೆಯನ್ನು. ಭಾನುವಾರ ಬೆಳಿಗ್ಗೆ ಬಸವೇಶ್ವರನಗರದಿಂದ ಬೈಕಿನಲ್ಲಿ ಹೋಗಿ ಬರುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

‘ಶೋಲೆ’ಯ ರಾಮಗಢ ರಾಮನಗರವೆಂದು ಎಲ್ಲರಿಗೂ ಗೊತ್ತು. 1975ರಿಂದ ಈಚೆಗೆ ಉತ್ತರ ಭಾರತದ ಡಕಾಯಿತರ ಕಣಿವೆ ಎಂದರೆ ಕೋಟ್ಯಂತರ ಜನರ ಕಣ್ಣಿಗೆ ಬರುವ ಚಿತ್ರ ಮೈಸೂರು ರಸ್ತೆಯದು.

ಈ ಬಗೆಯ ಕಥೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಾಬುವಿನದು. ಭಾರತವೆಂದರೆ ಆನೆ, ಕಾಡು, ಪಗಡಿ ಸುತ್ತಿದ ಹುಡುಗ ಎಂಬ ಚಿತ್ರವನ್ನು ಹಾಲಿವುಡ್‌ನಲ್ಲಿ ಗಟ್ಟಿಮಾಡಿದ ಮುಖ ಮೈಸೂರು ಸೀಮೆಯದು. ಸಾಬು ಹುಟ್ಟಿದ್ದು 1924ರಲ್ಲಿ ಕಾರಾಪುರದಲ್ಲಿ, ಮಾವುತನ ಮಗನಾಗಿ. ಕಿಪ್ಲಿಂಗ್‌ನ ಕಥೆಯನ್ನು ಚಿತ್ರ ಮಾಡಲು ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂದಾಗ ಆ ಹುಡುಗ ಅವರ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು. ಹುಡುಗ ಲಂಡನ್ನಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದ. ಆಮೇಲೆ ಅವನಿಗೆ ಸಿಕ್ಕ ಪಾತ್ರಗಳನ್ನು ನೋಡಿ: ‘ದ ಥೀಫ್ ಆಫ್ ಬಾಗ್ದಾದ್’ನಲ್ಲಿ ಅರಬ್ ಕಳ್ಳ, ‘ಜಂಗಲ್ ಬುಕ್’ನಲ್ಲಿ ಮೋಗ್ಲಿ, ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಹಿಮಾಲಯದ ರಾಜಕುಮಾರ. ಕಂದು ಬಣ್ಣದ ಮುಖ ಎಲ್ಲಿ ಬೇಕೋ ಅಲ್ಲೆಲ್ಲ ಸಾಬು. ಇವುಗಳಲ್ಲಿ ‘ಬ್ಲ್ಯಾಕ್ ನಾರ್ಸಿಸಸ್’ ಅಂತೂ ಹಿಮಾಲಯದ ಹತ್ತಿರಕ್ಕೂ ಹೋಗಲಿಲ್ಲ. ಇಂಗ್ಲೆಂಡಿನ ಸ್ಟುಡಿಯೊದಲ್ಲಿ, ಬಣ್ಣ ಬಳಿದ ಹಿನ್ನೆಲೆಯ ಮುಂದೆ ತಯಾರಾಯಿತು.

ಅದೇ ಸಾಬು 1944ರಲ್ಲಿ ಅಮೆರಿಕದ ಪೌರನಾದ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಮೆಷಿನ್ ಗನ್ ಹಿಡಿದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಹಾಲಿವುಡ್‌ನ ಕಾಲುದಾರಿಯಲ್ಲಿ ಅವನ ಹೆಸರಿನ ನಕ್ಷತ್ರವಿದೆ. 39ನೇ ವಯಸ್ಸಿಗೇ, 1963ರಲ್ಲಿ ತೀರಿಕೊಂಡ. ಆನೆ ಮೇಲಿನ ಹುಡುಗನ ಫೋಟೊ ಉಳಿದಷ್ಟು ಗಟ್ಟಿಯಾಗಿ ಗನ್ನರ್ ಸಾಬುವಿನ ಚಿತ್ರ ಯಾರ ಮನಸ್ಸಿನಲ್ಲೂ ಉಳಿಯಲಿಲ್ಲ. ಲಾಸ್ ಏಂಜಲಿಸ್‌ಗೆ ಮಕ್ಕಳ ಮನೆಗೆ ಹೋಗುವವರು ಆ ನಕ್ಷತ್ರವನ್ನು ಹುಡುಕಿ ಒಂದು ಫೋಟೊ ತೆಗೆಯಬೇಕು ಎಂಬುದು ನನ್ನ ಕೋರಿಕೆ.

ಈಗ ಗಡಿಯಾರಕ್ಕೆ ಬರೋಣ. ಗಡಿಯಾರ ಎಂದರೆ ಸ್ವಿಟ್ಜರ್ಲೆಂಡ್. ಆದರೆ ನಮ್ಮ ಅಪ್ಪಂದಿರ ಕೈಯಲ್ಲಿದ್ದ ಎಚ್‌ಎಂಟಿ ವಾಚನ್ನು ಮಾಡಲು ಕಲಿಸಿದವರು ಜಪಾನೀಯರು! 1961ರಲ್ಲಿ ಬೆಂಗಳೂರಿನ ಜಾಲಹಳ್ಳಿ ಕಡೆ ಶುರುವಾದ ಕಾರ್ಖಾನೆಗೆ ತಂತ್ರಜ್ಞಾನ ಕೊಟ್ಟದ್ದು ಸಿಟಿಜನ್ ಕಂಪನಿ. ಹಾಗಾದರೆ ಸ್ವಿಸ್ಸರು? ಅವರೂ ಬಂದಿದ್ದರು, ಅದಕ್ಕೂ ಮೊದಲೇ. ಎಚ್‌ಎಂಟಿ ಹುಟ್ಟಿದ್ದೇ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ, ಲೇತ್ ಯಂತ್ರ ಮಾಡಲು. ಸ್ವಿಸ್ಸರು ಲೇತ್ ಕಲಿಸಿದರು, ಜಪಾನೀಯರು ವಾಚ್ ಕಲಿಸಿದರು.

ಸ್ವಿಟ್ಜರ್ಲೆಂಡಿನಿಂದ ಮರದ ಕೋಗಿಲೆ ಗಡಿಯಾರ ತರುವವರಿಗೂ ಒಂದು ಮಾತು. ಅದರ ತವರು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್. ಅದನ್ನು ಸ್ವಿಸ್ಸರ ತಲೆಗೆ ಕಟ್ಟಿದ್ದರಲ್ಲಿ 1949ರ ‘ದ ಥರ್ಡ್ ಮ್ಯಾನ್’ ಚಿತ್ರದ ಒಂದು ತಮಾಷೆಯ ಸಂಭಾಷಣೆಯ ಪಾಲು ದೊಡ್ಡದು. ಚಿತ್ರಕಥೆಯಲ್ಲಿ ಇಲ್ಲದ ಆ ಸಾಲನ್ನು ಸೇರಿಸಿದವರು ನಟ ಆರ್ಸನ್ ವೆಲ್ಸ್.

ಹಾಗೆಯೇ ಪನಾಮ ಟೋಪಿಯ ತವರು ಈಕ್ವೆಡಾರ್. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1906ರಲ್ಲಿ ಪನಾಮ ಕಾಲುವೆ ನೋಡಲು ಹೋದಾಗ ಆ ಟೋಪಿ ಹಾಕಿಕೊಂಡ ಫೋಟೊಗಳು ಲೋಕವೆಲ್ಲ ಓಡಾಡಿದವು. ಟೋಪಿಯ ಹೆಸರು ಗಟ್ಟಿಯಾಯಿತು.

ಟರ್ಕಿಯವರೆಂದರೆ ಕುಚ್ಚಿನ ಕೆಂಪು ಟೋಪಿ ಎಂದು ಇಂದಿಗೂ ಕಾರ್ಟೂನು ಬರೆಯುತ್ತಾರೆ. ಆ ಟೋಪಿಯನ್ನು ಟರ್ಕಿ ಕಾನೂನು ಮಾಡಿ ನಿಷೇಧಿಸಿದ್ದು 1925ರಲ್ಲಿ.

ಕಾಂಗರೂ ನಾಡಾದ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಕಾಡು ಒಂಟೆಗಳ ದೊಡ್ಡ ದೊಡ್ಡ ಹಿಂಡುಗಳಿವೆ. 19ನೇ ಶತಮಾನದಲ್ಲಿ ಹಡಗು ಹತ್ತಿಸಿ ತಂದ ಒಂಟೆಗಳ ಸಂತತಿ. ಬಹುಪಾಲು ಬಂದದ್ದು ಅಂದಿನ ಬ್ರಿಟಿಷ್ ಭಾರತದಿಂದ.

ಸಮಯಪಾಲನೆ ಎಂದರೆ ಜರ್ಮನಿ, ಹೌದಲ್ಲವೇ? 2024ರಲ್ಲಿ ಜರ್ಮನಿಯ ರಾಷ್ಟ್ರೀಯ ರೈಲು ಸಂಸ್ಥೆಯ ದೂರದ ಗಾಡಿಗಳಲ್ಲಿ ಸಮಯಕ್ಕೆ ತಲುಪಿದ್ದು ಶೇ 62.5 ಮಾತ್ರ. ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದೇ ಎಣಿಸದೆ ಹಿಡಿದ ಲೆಕ್ಕ ಇದು. ಕೆಂಗೇರಿ ನಿಲ್ದಾಣದಲ್ಲಿ ಮೈಸೂರು ಗಾಡಿಗೆ ಕಾಯುತ್ತಾ ‘ಜರ್ಮನಿಯಲ್ಲಾಗಿದ್ದರೆ’ ಎಂದು ನಿಟ್ಟುಸಿರು ಬಿಡುವವರು ಇದನ್ನು ತಿಳಿದಿರಲಿ.

ಇನ್ನೂ ಹಿಂದಕ್ಕೆ ಹೋದರೆ ವಿಷಯ ಮತ್ತಷ್ಟು ರುಚಿಯಾಗುತ್ತದೆ. ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿ ಶೆಲ್ಲಿ 1840ರ ದಶಕದಲ್ಲಿ ಜರ್ಮನಿ ಸುತ್ತಿದಾಗ ಅವರ ದೂರು ಏನು ಗೊತ್ತೇ? ಈ ಜರ್ಮನ್ನರಿಗೆ ಅವಸರವೆಂಬುದೇ ಇಲ್ಲ ಎಂದು! ಜಪಾನಿನ ಕಥೆಯೂ ಅದೇ. 1850ರ ದಶಕದ ಕೊನೆಯಲ್ಲಿ ನಾಗಸಾಕಿಯಲ್ಲಿ ನೌಕಾಪಾಠ ಹೇಳುತ್ತಿದ್ದ ಡಚ್ ಅಧಿಕಾರಿ ಕಾಟೆನ್‌ಡೈಕ್ ತನ್ನ ದಿನಚರಿಯಲ್ಲಿ ಜಪಾನೀಯರ ನಿಧಾನದ ಬಗ್ಗೆ ಬೇಸರ ತೋಡಿಕೊಂಡಿದ್ದಾನೆ. 1915ರಲ್ಲೂ ಜಪಾನ್ ಸರ್ಕಾರಕ್ಕೆ ಸಲಹೆ ಕೊಡಲು ಹೋದ ಆಸ್ಟ್ರೇಲಿಯದ ತಜ್ಞರೊಬ್ಬರು ಅಲ್ಲಿಯವರು ಹೊತ್ತಿನ ಪರಿವೆ ಇಲ್ಲದ ಜನ ಎಂಬ ಅಭಿಪ್ರಾಯ ಕೊಟ್ಟು ಬಂದರು. ಅರ್ಥಶಾಸ್ತ್ರಜ್ಞ ಹಾ-ಜೂನ್ ಚಾಂಗ್ 2007ರ ತಮ್ಮ ‘ಬ್ಯಾಡ್ ಸಮಾರಿಟನ್ಸ್’ ಪುಸ್ತಕದಲ್ಲಿ ಇಂಥ ಹಳೆಯ ಮಾತುಗಳನ್ನು ಒಟ್ಟುಮಾಡಿದ್ದಾರೆ. ರೈಲು, ಕಾರ್ಖಾನೆಯ ಸೈರನ್ನು, ಶಾಲೆಯ ಗಂಟೆ ಬಂದ ಮೇಲೆ ಅದೇ ಜನರ ನಡತೆ ಮೂರು ತಲೆಮಾರಿನಲ್ಲಿ ಬದಲಾಯಿತು. ಇಷ್ಟು ಬದಲಾಯಿತೆಂದರೆ, 2017ರ ನವೆಂಬರಿನಲ್ಲಿ ಟೋಕಿಯೊ ಬಳಿ ಒಂದು ರೈಲು 20 ಸೆಕೆಂಡು ಬೇಗ ಹೊರಟಿತೆಂದು ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ‘ಅವರ ರಕ್ತದಲ್ಲೇ ಇದೆ’ ಎಂದು ನಾವು ಹೇಳುವುದು ಇದನ್ನೇ. ರಕ್ತದಲ್ಲಿದ್ದಿದ್ದರೆ ಕಾಟೆನ್‌ಡೈಕ್‌ಗೂ ಕಾಣಬೇಕಿತ್ತು.

ಈ ಬದಲಾವಣೆಯನ್ನು ಕಣ್ಣಾರೆ ಕಂಡು ಬಂದ ಕನ್ನಡಿಗರೊಬ್ಬರಿದ್ದರು. ಸರ್ ಎಂ. ವಿಶ್ವೇಶ್ವರಯ್ಯ 1898ರಲ್ಲೇ ಜಪಾನಿಗೆ ಹೋಗಿದ್ದರು. ಜಪಾನೀಯರ ಗುಣಗಾನಕ್ಕೆ ನಿಲ್ಲದೆ ಅವರು ನೋಡಿದ್ದು ಅಲ್ಲಿಯ ಶಾಲೆ, ಕೈಗಾರಿಕೆಗಳನ್ನು. ಇಂದು ಕೆಂಗೇರಿ ದಾಟಿ ಬಿಡದಿಗೆ ಹೋದರೆ ಟೊಯೊಟಾ ಕಾರ್ಖಾನೆ ಸಿಗುತ್ತದೆ. ಅಲ್ಲಿಯ ತರಬೇತಿ ಶಾಲೆಯಲ್ಲಿ 2007ರಿಂದ ನಮ್ಮ ಹಳ್ಳಿಗಳ ಮಕ್ಕಳು ‘ಜಪಾನಿ ಶಿಸ್ತು’ ಕಲಿಯುತ್ತಿದ್ದಾರೆ.

ಜರ್ಮನ್ ಶ್ರದ್ಧೆಗೆ ಸಾಕ್ಷಿ ಬೇಕೆಂದರೆ ರೈಲಿಗಿಂತ ಒಳ್ಳೆಯದು ನಮ್ಮಲ್ಲೇ ಇದೆ. ಫರ್ಡಿನಂಡ್ ಕಿಟ್ಟೆಲ್, 1894ರ ಕನ್ನಡ ನಿಘಂಟು, ಸುಮಾರು 70,000 ಪದಗಳು. ಹೆಚ್ಚಿಗೆ ಹೇಳಬೇಕಿಲ್ಲ.

ಚೀನಾದವರು ದಿನಾ ಗೋಬಿ ಮಂಚೂರಿ ತಿನ್ನುತ್ತಾರೆಯೇ? ವಿಜಯನಗರದ ಸಂಜೆಯ ತಳ್ಳುಗಾಡಿಗಳ ಮುಂದೆ ನಿಂತ ಮಕ್ಕಳು ಕೇಳುವ ಪ್ರಶ್ನೆ ಇದು. ಅವರಿಗೆ ಇದರ ಗಂಧವೂ ಇಲ್ಲ. ಮಂಚೂರಿಯನ್ ಹುಟ್ಟಿದ್ದು 1970ರ ದಶಕದ ಮುಂಬೈನಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿದ ಚೀನಾ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಮೊದಲು ಮಾಡಿದ್ದು ಕೋಳಿಯದು. ಹೂಕೋಸು ಆಮೇಲೆ ಬಂತು. ಅದಕ್ಕೆ ನಾವು ಬಳಿದ ಕೆಂಪು ಬಣ್ಣ ಎಷ್ಟು ಹೆಚ್ಚಾಯಿತೆಂದರೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೃತಕ ಬಣ್ಣವನ್ನೇ ನಿಷೇಧಿಸಿತು. ಅಮೆರಿಕದಲ್ಲಿ ಚೀನೀ ಹೋಟೆಲಿನ ಊಟ ಮುಗಿದ ಮೇಲೆ ಭವಿಷ್ಯದ ಚೀಟಿ ಇಟ್ಟ ಬಿಸ್ಕತ್ತು ಕೊಡುತ್ತಾರಲ್ಲ, ಅದರ ಮೂಲವೂ ಚೀನಾ ಅಲ್ಲ, ಜಪಾನ್. ಚೀನಾದಲ್ಲಿ ಕೇಳಿದರೆ ಸಿಗುವುದಿಲ್ಲ.

ಕಾಫಿಯ ವಿಷಯದಲ್ಲಿ ಇಟಲಿಯವರ ಅಭಿಮಾನ ಲೋಕಪ್ರಸಿದ್ಧ. ಮಧ್ಯಾಹ್ನದ ಮೇಲೆ ಕ್ಯಾಪುಚಿನೊ ಕೇಳಿದರೆ ಹುಬ್ಬೇರಿಸುತ್ತಾರಂತೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಮುಂಚೂಣಿಯಲ್ಲಿರುವುದು ಇಟಲಿಯೇ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ರೋಮಿನಲ್ಲಿ ನಿಂತು ಎಸ್ಪ್ರೆಸೊ ಕುಡಿದು ‘ನಮ್ಮ ಕಾಫಿಯ ಮುಂದೆ ಇದೇನು’ ಎನ್ನುವ ಬಸವೇಶ್ವರನಗರದ ಹಿರಿಯರ ನಾಲಿಗೆಯ ಮೇಲೆ ಚಿಕ್ಕಮಗಳೂರಿನದೋ ಕೊಡಗಿನದೋ ರೊಬಸ್ಟಾ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಫ್ರೆಂಚರೆಂದರೆ ಸುಗಂಧ. 1989ರಲ್ಲಿ ಪ್ಯಾರಿಸ್ಸಿನ ಗೆರ್ಲಾನ್ ಕಂಪನಿ ತಂದ ‘ಸಂಸಾರ’ ಎಂಬ ಸುಗಂಧಕ್ಕೆ ಹೆಸರು ಭಾರತದ್ದು, ಜೀವಾಳ ಮೈಸೂರು ಗಂಧದೆಣ್ಣೆ. ರಾಜಾಜಿನಗರದ ಪಕ್ಕದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣದಲ್ಲಿ ಇಳಿಯುವವರು ಆ ಪರಿಮಳದ ಮನೆಯಂಗಳದಲ್ಲೇ ನಡೆಯುತ್ತಾರೆ.

ಫ್ರಾನ್ಸ್ ಎಂದಾಗ ಬಿಡಲಾಗದ ಒಂದು ಪ್ರವಾಸವಿದೆ. 1787ರಲ್ಲಿ ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಪಾಂಡಿಚೇರಿಯಿಂದ ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಿದ: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಬ್ರಿಟಿಷರ ವಿರುದ್ಧ ಸೈನ್ಯ ಬೇಕಿತ್ತು. ಜೊತೆಗೆ ಕುಶಲಕರ್ಮಿಗಳು, ಗಿಡಗಳ ಬೀಜಗಳೂ ಬೇಕಿದ್ದವು. 1788ರ ಆಗಸ್ಟ್ 10ರಂದು 16ನೇ ಲೂಯಿ ಅವರನ್ನು ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡ. ಪ್ಯಾರಿಸ್ಸಿನ ಜನ ಅವರನ್ನು ನೋಡಲು ಮುಗಿಬಿದ್ದರು. ಅವರು ಸಾಂ ಕ್ಲೂ ಉದ್ಯಾನದಲ್ಲಿ ಅಡ್ಡಾಡಿದರೆ ಅದೂ ಚಿತ್ರವಾಯಿತು. ಅಸ್ಲಾಂ ಎಂಬ ಕಲಾವಿದ ಬರೆದ ಆ ಚಿತ್ರದಲ್ಲಿ ಸುತ್ತಲಿನ ಗುಂಪೆಲ್ಲ ಮೈಸೂರಿನವರನ್ನು ನೋಡುವುದರಲ್ಲಿ ಮೈಮರೆತಿದೆ. ಕ್ಯಾಮೆರಾ ಹುಟ್ಟುವ ಅರ್ಧ ಶತಮಾನ ಮೊದಲಿನ ಪ್ರವಾಸದ ಫೋಟೊ ಎಂದೇ ನಾನು ಅದನ್ನು ಕರೆಯುತ್ತೇನೆ.

ರಾಣಿಯ ಚಿತ್ರಗಾರ್ತಿ ವಿಜೇ ಲ ಬ್ರಾಂ ಈ ರಾಯಭಾರಿಗಳನ್ನು ಅಪೆರಾದಲ್ಲಿ ಕಂಡು ಭಾವಚಿತ್ರ ಬರೆಯುವ ಆಸೆ ಪಟ್ಟಳು. ರಾಜನೇ ಕೇಳಿದರೆ ಆಗಬಹುದು ಎಂದರು ಇವರು. ರಾಜ ಕೇಳಿದ. ಆಳೆತ್ತರದ ದರ್ವೇಶ್ ಖಾನ್ ಖಡ್ಗ ಹಿಡಿದು ನಿಂತ. ಚಿತ್ರ ಮುಗಿದಾಗ ಅದು ಅವನಿಗೆ ಎಷ್ಟು ಹಿಡಿಸಿತೆಂದರೆ ಹಾಸಿಗೆಯ ಹಿಂದೆ ಬಚ್ಚಿಟ್ಟು ಕೊಡಲೊಲ್ಲೆ ಎಂದ. ಚಿತ್ರಗಾರ್ತಿ ಅವನ ಸೇವಕನನ್ನು ಒಲಿಸಿಕೊಂಡು ತರಿಸಿಕೊಳ್ಳಬೇಕಾಯಿತು. ಇವೆಲ್ಲ ಅವಳ ನೆನಪಿನ ಪುಸ್ತಕದಲ್ಲಿವೆ. ನೆಲದ ಮೇಲೆ ಕೂತು ಕೈಯಿಂದ ಬಡಿಸಿ ಉಣ್ಣುವ ಇವರ ಊಟವನ್ನು ಕಂಡ ಬೆರಗೂ ಅಲ್ಲೇ ಇದೆ. ಇವರ ಕಣ್ಣಿಗೆ ಫೋರ್ಕು ಹೇಗೆ ಕಂಡಿತೋ, ಆ ಬರಹ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! 2019ರಲ್ಲಿ ಆ ಭಾವಚಿತ್ರ ನ್ಯೂಯಾರ್ಕಿನಲ್ಲಿ ಹರಾಜಾದಾಗ ಸುಮಾರು 72 ಲಕ್ಷ ಡಾಲರ್ ತಂದಿತು.

ಟಿಪ್ಪುವಿನ ಶ್ರೀರಂಗಪಟ್ಟಣದ ಇನ್ನೊಂದು ಸಂಗತಿ. ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ 1799ರ ನಂತರ ಮೈಸೂರು ಸೀಮೆಗೆ ಬಂದು ನಮ್ಮವರ ಉಡುಪು ತೊಟ್ಟು ಬಾಳಿದವನು. ಸಿಡುಬಿನ ಲಸಿಕೆ ಹಾಕಲು ಹಳ್ಳಿ ಹಳ್ಳಿಗೆ ಓಡಾಡಿದವನು. ಭಾರತೀಯರ ನಡೆನುಡಿ, ಆಚಾರ ವಿಚಾರಗಳ ಬಗ್ಗೆ ಅವನು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡಾ ಕೊಟ್ಟು ಕೊಂಡು 1816ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿತು. ‘ಹಿಂದೂಗಳೆಂದರೆ ಹೀಗೆ’ ಎಂದು ಬ್ರಿಟಿಷ್ ಅಧಿಕಾರಿಗಳು ಬಹುಕಾಲ ಪಾಠ ಓದಿದ್ದು ಈ ಪುಸ್ತಕದಲ್ಲಿ. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮೂರ್ ಹಳೆಯ ಕಡತಗಳನ್ನು ಹುಡುಕಿ ತೋರಿಸಿದರು: ಪುಸ್ತಕದ ದೊಡ್ಡ ಭಾಗ ದ್ಯುಬುವಾನ ಸ್ವಂತದ್ದಲ್ಲ, ಕೂರ್ಡೂ ಎಂಬ ಜೆಸ್ವಿಟ್ ಪಾದ್ರಿ ಅವನಿಗಿಂತ ಮೊದಲೇ ಬರೆದಿಟ್ಟದ್ದು. ಒಬ್ಬ ಕಂಡದ್ದನ್ನು ಇನ್ನೊಬ್ಬ ನಕಲು ಮಾಡಿ, ಅದನ್ನು ಮೂರನೆಯವರು ಕೊಂಡು, ನಾಲ್ಕನೆಯವರು ಅದರಂತೆ ನಮ್ಮನ್ನು ಆಳಿದರು! ಓದಿದ ದಿನದಿಂದ ನನಗೆ ಇದು ಸಿಟ್ಟು ತರಿಸುವ ವಿಷಯ.

ವಿಜಯನಗರದ ಪಕ್ಕದಲ್ಲೇ ಹಂಪಿನಗರ ಇದೆ. ನಿಜವಾದ ವಿಜಯನಗರಕ್ಕೆ ಬಂದ ಪ್ರವಾಸಿಗರ ಕಣ್ಣಲ್ಲಿ ನಾವು ಹೇಗಿದ್ದೆವು? ಹೆರಾತಿನಿಂದ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕ್ ವೀಳ್ಯದೆಲೆಯ ಬಗ್ಗೆ ವಿಸ್ತಾರವಾಗಿ, ಮನಸಾರೆ ಬರೆದ. ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಕೃಷ್ಣದೇವರಾಯನನ್ನು ಹತ್ತಿರದಿಂದ ನೋಡಿದ. ನಮ್ಮ ಸಿನಿಮಾ ಕೃಷ್ಣದೇವರಾಯನನ್ನು ಮರೆತು ಪಾಯೆಸ್ ಮಾಡಿದ ವರ್ಣನೆ ಕೇಳಿ: ಮಧ್ಯಮ ಎತ್ತರ, ಮೈ ತುಸು ದಪ್ಪ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಕತ್ತಿ ಬೀಸಿ, ಕುಸ್ತಿಯಾಡಿ ಬೆವರು ಹರಿಸುತ್ತಿದ್ದ. ನಗರ ರೋಮಿನಷ್ಟು ದೊಡ್ಡದು ಎಂದೂ ಪಾಯೆಸ್ ಬರೆದ. ಈ ಬರಹ ಕಡತದಲ್ಲಿ ಮುಚ್ಚಿಹೋಗಿ, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ ಮೇಲೆ ನಮಗೆ ತಲುಪಿತು.

ಹಂಪಿಯ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳದ ಕನ್ನಡಿಗರುಂಟೇ? ಅದರ ಮೇಲೆ ಇಟ್ಟಿಗೆಯ ಶಿಖರ ಇತ್ತೆಂದು ಗೊತ್ತೇ? 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟ. ಅವನ ಚಿತ್ರದಲ್ಲಿ ಆ ಶಿಖರ ಇದೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ, ಅದೇ ಕೋನದಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಹೋಯಿತು ಎಂದು ತಿಳಿಯುತ್ತದೆ. 2017ರಿಂದ 50 ರೂಪಾಯಿ ನೋಟಿನಲ್ಲಿರುವುದು ಶಿಖರವಿಲ್ಲದ ರಥ. ಮನೆಯ ಹಳೆಯ ಆಲ್ಬಂಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಪರದೇಶದವರನ್ನು ಗೇಲಿ ಮಾಡುವ ಹಾಸ್ಯ ಎಷ್ಟು ಹಳೆಯದು? ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ, 2ನೇ ಶತಮಾನದ್ದೆಂದು ಹೇಳುವ ಒಂದು ಗ್ರೀಕ್ ಪ್ರಹಸನವಿದೆ. ಹೆಸರು ‘ಚಾರಿಶನ್’. ಗ್ರೀಕ್ ಹುಡುಗಿಯೊಬ್ಬಳು ಭಾರತದ ಕಡಲತೀರದ ದೇಗುಲದಲ್ಲಿ ಸೆರೆ. ಅವಳನ್ನು ಬಿಡಿಸಲು ಅಣ್ಣ ಹಡಗಿನಲ್ಲಿ ಬರುತ್ತಾನೆ. ಇಲ್ಲಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಮತ್ತೇರಿದ ಮೇಲೆ ರಾಜನನ್ನು ಕಟ್ಟಿಹಾಕಿ ಓಡುತ್ತಾರೆ. ಮದ್ಯ ತಡೆಯಲಾರದ ಪೆದ್ದ ಪರದೇಶಿ, ಅರ್ಥವಾಗದ ಭಾಷೆ, ಕುಣಿತ, ವಿದೂಷಕನ ಹೊಟ್ಟೆಯ ಗಾಳಿಯ ತಮಾಷೆ: ಎರಡು ಸಾವಿರ ವರ್ಷವಾದರೂ ಇಂಥ ಹಾಸ್ಯದ ಸರಕು ಬದಲಾಗಿಲ್ಲ.

ರಾಜ ಮತ್ತು ಅವನ ಜನ ಆಡುವ ಆ ‘ಅರ್ಥವಿಲ್ಲದ’ ಮಾತುಗಳು ಕನ್ನಡ ಎಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್‌ಷ್ ಹೇಳಿದಾಗ ವಿದ್ವತ್ಲೋಕ ಬೆರಗಾಯಿತು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಬೆಂಬಲಿಸಿದರು. ವಿದ್ವಾಂಸ ಬಾರ್ನೆಟ್ ಒಪ್ಪಲಿಲ್ಲ. ಅದು ತುಳು ಎಂದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಕಾಸರಗೋಡು ಸೀಮೆಯ ಒಬ್ಬ ಕವಿ ಮನೆಯಲ್ಲಿ ಕೂತು ಈಜಿಪ್ಟಿನ ಕಸದ ದಿಬ್ಬದಲ್ಲಿ ತನ್ನ ಕರಾವಳಿಯ ದನಿ ಕೇಳಲು ಹವಣಿಸಿದ್ದು ನನ್ನ ಮಟ್ಟಿಗೆ ಎಲ್ಲ ವಿದೇಶ ಪ್ರವಾಸಗಳಿಗಿಂತ ದೊಡ್ಡ ಪ್ರವಾಸ.

ಮತ್ತೆ ಫೋಟೊಗಳಿಗೆ. ಐಫೆಲ್ ಗೋಪುರದ ಹಗಲಿನ ಚಿತ್ರವನ್ನು ಯಾರು ಬೇಕಾದರೂ ಮಾರಬಹುದು. ರಾತ್ರಿಯ ದೀಪಾಲಂಕಾರಕ್ಕೆ ಬೇರೆ ಹಕ್ಕುಸ್ವಾಮ್ಯವಿದೆ. ವ್ಯಾಪಾರಕ್ಕೆ ಬಳಸಲು ಅನುಮತಿ ಬೇಕು. ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ತೊಂದರೆ ಇಲ್ಲ.

ಪೀಸಾದ ವಾಲಿದ ಗೋಪುರ 1990ರಿಂದ 2001ರವರೆಗೆ ಪ್ರವಾಸಿಗರಿಗೆ ಮುಚ್ಚಿತ್ತು. ಬುಡದ ಮಣ್ಣು ತೆಗೆದು ಅದನ್ನು ಸುಮಾರು ಐದೂವರೆ ಡಿಗ್ರಿಯಿಂದ ನಾಲ್ಕು ಡಿಗ್ರಿಯಷ್ಟಕ್ಕೆ ನೆಟ್ಟಗೆ ಮಾಡಿದರು. ನಿಮ್ಮ ಅತ್ತಿಗೆ ಕೈಕೊಟ್ಟು ನಿಲ್ಲಿಸಿದ್ದು ಅವರ ತಾಯಿಯ ಕಾಲದ್ದಕ್ಕಿಂತ ಕಡಿಮೆ ವಾಲಿದ ಗೋಪುರ.

ಜಪಾನಿನ ಒಂದು ಊರಿನಲ್ಲಿ ಅಂಗಡಿಯೊಂದರ ಹಿಂದೆ ಫ್ಯೂಜಿ ಪರ್ವತ ಸೊಗಸಾಗಿ ಕಾಣುತ್ತದೆಂದು ಪ್ರವಾಸಿಗರು ರಸ್ತೆಗೇ ನುಗ್ಗತೊಡಗಿದರು. 2024ರ ಮೇ ತಿಂಗಳಲ್ಲಿ ಊರಿನವರು ಆ ನೋಟಕ್ಕೆ ಕಪ್ಪು ಪರದೆ ಕಟ್ಟಿಬಿಟ್ಟರು.

ರಾಜಾಜಿನಗರಕ್ಕೆ ಹೆಸರು ಕೊಟ್ಟ ರಾಜಾಜಿ ಮೊದಲ ಬಾರಿಗೆ ಪಶ್ಚಿಮದ ದೇಶಕ್ಕೆ ಹೋದದ್ದು ಯಾವ ವಯಸ್ಸಿನಲ್ಲಿ? 83ರಲ್ಲಿ! 1962ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ. ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಳ್ಳಲು ಗಾಂಧಿ ಶಾಂತಿ ಪ್ರತಿಷ್ಠಾನದ ಪರವಾಗಿ ಹೋದ ನಿಯೋಗ ಅದು. ಜೊತೆಗಿದ್ದ ಇಬ್ಬರೂ ನಮ್ಮವರು: ಧಾರವಾಡದ ರಂಗನಾಥ ದಿವಾಕರ ಮತ್ತು ಮಂಗಳೂರಿನ ಬಿ. ಶಿವರಾವ್. ಭೇಟಿಗೆ ಗೊತ್ತು ಮಾಡಿದ್ದ ಅರ್ಧ ಗಂಟೆಗೂ ಕಡಿಮೆ ಹೊತ್ತು ಸಾಲದೆ ಮಾತು ಗಂಟೆ ದಾಟಿತು. ಈ ವಯಸ್ಸಿನಲ್ಲಿ ಅಮೆರಿಕವೇ ಎಂದು ಹಿಂಜರಿಯುವ ಮೂರನೇ ಬ್ಲಾಕಿನ ತಾತಂದಿರೇ, ಕೇಳಿಸಿಕೊಂಡಿರಾ?

ಬಸವೇಶ್ವರನಗರದವರು ಲಂಡನ್ನಿಗೆ ಹೋದರೆ ಬಿಗ್ ಬೆನ್ ನೋಡಿ ಹಾಗೇ ಬರಬೇಡಿ. ಸೇತುವೆ ದಾಟಿ ಥೇಮ್ಸ್‌ನ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ನಡೆಯಿರಿ. ಅಲ್ಲಿ ಬಸವಣ್ಣನವರ ಪುತ್ಥಳಿ ಇದೆ, ಬ್ರಿಟನ್ನಿನ ಸಂಸತ್ತಿಗೆ ಎದುರಾಗಿ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅದನ್ನು ಹಟ ಹಿಡಿದು ಮಾಡಿಸಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಸೀಮೆಯ ಡಾ. ನೀರಜ್ ಪಾಟೀಲ್. ಪ್ರಜಾಪ್ರಭುತ್ವವೆಂದರೆ ಇಂಗ್ಲಿಷರ ಸೊತ್ತು ಎಂದು ನಂಬಿದವರಿಗೆ 12ನೇ ಶತಮಾನದ ಅನುಭವ ಮಂಟಪದ ಮಾತು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?

ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರ ಎಂದೇ ಹೆಸರಾದದ್ದು 1978ರ ‘ಸಿಂಗಾಪುರದಲ್ಲಿ ರಾಜಾಕುಳ್ಳ’. ಪಾಸ್‌ಪೋರ್ಟ್ ಕಾಣದ ಎಷ್ಟೋ ಕನ್ನಡಿಗರಿಗೆ ವಿದೇಶ ತೋರಿಸಿದವರು ವಿಷ್ಣುವರ್ಧನ್ ಮತ್ತು ದ್ವಾರಕೀಶ್. 

ಪುಸ್ತಕದಲ್ಲಿ ವಿದೇಶ ತೋರಿಸಿದವರ ಪಟ್ಟಿ ಉದ್ದ. ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, ಬಿಜಿಎಲ್ ಸ್ವಾಮಿಯವರ ‘ಅಮೆರಿಕದಲ್ಲಿ ನಾನು’. 103 ವರ್ಷ ಬಾಳಿದ ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಒಂದು ಪ್ರವಾಸಕಥನಕ್ಕೆ ಆ ಗೌರವ! ಪ್ಯಾಕೇಜ್ ಟೂರಿನ ಬಸ್ಸು ಹತ್ತದೆ ಗೆಳತಿಯೊಡನೆ ಹೋಗಿ ಬಂದು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದ ನೇಮಿಚಂದ್ರ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಹೆಣ್ಣುಮಕ್ಕಳಿಗೆ ಮೊದಲು ಕೊಡಬೇಕಾದ ಪುಸ್ತಕ ಅದು.

ಪರದೇಶದವರು ನಮ್ಮನ್ನು ಹೇಗೆ ಕಂಡರು ಎಂದು ತಿಳಿಯಬೇಕಾದರೆ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಓದಬೇಕು. ಭಾರತಕ್ಕೆ ಬಂದ ಪರದೇಶಿ ಪ್ರವಾಸಿಗರ ಬರಹಗಳನ್ನು ಸಂಪುಟದ ಮೇಲೆ ಸಂಪುಟವಾಗಿ ಕನ್ನಡಕ್ಕೆ ತಂದ ಅದೇ ನಾಗೇಗೌಡರು ಕೆಂಗೇರಿ, ಬಿಡದಿ ದಾಟಿದ ಮೇಲೆ ಮೈಸೂರು ರಸ್ತೆಯಲ್ಲಿ ಸಿಗುವ ಜಾನಪದ ಲೋಕವನ್ನೂ ಕಟ್ಟಿದರು. ಅಂಗಡಿಯಲ್ಲಿ ಸಂಪುಟಗಳು ಸಿಗದಿದ್ದರೆ ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ.